ಆರು ಡಾಲರ್ ಲೇಖನ, ನಾಲ್ಕು ಸಾವಿರ ಡಾಲರ್ ಲೇಖನ

(ಜರ್ನಲಿಸಂ ಓದ್ತಿರೋ ಹುಡುಗ ಹುಡುಗೀರ ಮುಂದೆ ಆಡಿದ ಮಾತು ಇದು. ಬಾಯಿಗೆ ಬಂದ ಹಾಗೇ ಇಟ್ಟಿದೀನಿ, ಮಧ್ಯೆ ಅವರು ಕೇಳಿದ ಪ್ರಶ್ನೆಗಳನ್ನ ಅಲ್ಲಲ್ಲೇ ಸೇರಿಸಿದೀನಿ.)

ಎಲ್ರಿಗೂ ನಮಸ್ಕಾರ. ವಿಷಯ ಏನು ಅಂತ ಕೇಳಿದ್ದಕ್ಕೆ ನಿಮ್ಮ ಮೇಷ್ಟ್ರು, "ಫ್ರೀಲಾನ್ಸ್ ಬರ್ಕೊಂಡು ಬದುಕೋದು ಹೇಗೆ ಅಂತ ಹೇಳಿ ಸಾಕು" ಅಂದ್ರು. ನನ್ನ ಕಥೆ ಹೇಳಿದ್ರೆ ಐದು ನಿಮಿಷಕ್ಕೆ ಮುಗಿಯುತ್ತೆ. ಬೆಳಿಗ್ಗೆ ಯಾರದೋ ಜಾಹೀರಾತಿನ ಅನುವಾದ, ಮಧ್ಯಾಹ್ನ ಸಬ್‌ಟೈಟಲ್ಲು, ರಾತ್ರಿ ಉಳಿದ ಟೈಮಲ್ಲಿ ನನಗೆ ಬೇಕಾದ್ದು. ಅದನ್ನ ಬಿಟ್ಟು ನಾನು ಬಹಳ ವರ್ಷದಿಂದ ಬೆನ್ನು ಹತ್ತಿರೋ ಒಬ್ಬ ಹೆಣ್ಮಗಳ ಕಥೆ ಹೇಳ್ತೀನಿ, ಐಡಾ ಟಾರ್‌ಬೆಲ್ ಅಂತ, ಅಮೆರಿಕದವರು, 1857ರಲ್ಲಿ ಹುಟ್ಟಿ 1944ರಲ್ಲಿ ತೀರಿಕೊಂಡ್ರು. ರಾಕ್‌ಫೆಲರ್ ಅನ್ನೋ ಎಣ್ಣೆ ಸಾಹುಕಾರನ ಸ್ಟ್ಯಾಂಡರ್ಡ್ ಆಯಿಲ್ ಕಂಪನಿ ಬಗ್ಗೆ ಬರೆದು ಹೆಸರಾದವರು. ನಿಮ್ಮ ಪಠ್ಯದಲ್ಲಿ ಒಂದು ಸಾಲಲ್ಲಿ ಬಂದು ಹೋಗಿರ್ತಾರೆ, ತನಿಖಾ ಪತ್ರಿಕೋದ್ಯಮದ ತಾಯಿ ಅಂತಲೋ ಏನೋ. ಆ ಥರದ ಬಿರುದು ಕೊಟ್ಟು ಗೋಡೆಗೆ ಫೋಟೋ ಹಾಕಿಬಿಟ್ರೆ ಆಮೇಲೆ ಯಾರೂ ಓದಲ್ಲ ಬಿಡಿ. ನನಗೆ ಇವರ ವಿಚಾರದಲ್ಲಿ ಇರೋ ಕುತೂಹಲ ಒಂದೇ. ಇವರು ಬರೆಯೋಕೆ ಬೇಕಾದ ಟೈಮಿಗೆ ದುಡ್ಡು ಯಾರು ಕೊಟ್ರು? ಬದುಕಿನ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯವರು ಕೊಟ್ರು, ಕೊಟ್ಟವರು ಬದಲಾದ ಹಾಗೆಲ್ಲ ಬರಹಾನೂ ಬದಲಾಯ್ತು. ಇವತ್ತು ಹೇಳೋದು ಅಷ್ಟನ್ನೇ.

ಹುಟ್ಟಿದ್ದು ಪೆನ್ಸಿಲ್ವೇನಿಯಾದ ಒಂದು ಮೂಲೇಲಿ, ತಾತನ ಮರದ ದಿಮ್ಮಿ ಮನೇಲಿ. ಎರಡು ವರ್ಷ ಆಗೋದ್ರೊಳಗೆ, 1859ರ ಆಗಸ್ಟಲ್ಲಿ, ಹತ್ತಿರದ ಟೈಟಸ್‌ವಿಲ್ ಅನ್ನೋ ಊರಲ್ಲಿ ಡ್ರೇಕ್ ಅನ್ನೋನು ಬಾವಿ ತೋಡಿ ಕಲ್ಲೆಣ್ಣೆ ತೆಗೆದ. ಇಡೀ ಸೀಮೆಗೆ ಸೀಮೆನೇ ಹುಚ್ಚು ಹಿಡಿದಂಗೆ ಎಣ್ಣೆ ಹಿಂದೆ ಓಡ್ತು. ಐಡಾ ಅಪ್ಪ ಬಡಗಿ ಕೆಲಸ ಗೊತ್ತಿದ್ದ ಮನುಷ್ಯ, ಬಾವಿ ತೋಡೋಕೆ ಹೋಗ್ಲಿಲ್ಲ, ಎಣ್ಣೆ ತುಂಬಿಡೋಕೆ ಮರದ ಟ್ಯಾಂಕ್ ಮಾಡಿ ಮಾರಿದ್ರು, ಚೆನ್ನಾಗಿ ದುಡಿದ್ರು. ಒಂದು ಸಣ್ಣ ಸಂಗತಿ ಹೇಳ್ತೀನಿ. ಪಿಟ್‌ಹೋಲ್ ಅಂತ ಒಂದು ಊರು, ಎಣ್ಣೆ ಸಿಕ್ತು ಅಂತ ರಾತ್ರೋರಾತ್ರಿ ಎದ್ದ ಊರು, ಎಣ್ಣೆ ಬತ್ತಿದ ಮೇಲೆ ಅಷ್ಟೇ ಬೇಗ ಖಾಲಿ ಆಯ್ತು. ಅಲ್ಲಿ 60,000 ಡಾಲರ್ ಸುರಿದು ಕಟ್ಟಿದ್ದ ಹೋಟೆಲನ್ನ ಐಡಾ ಅಪ್ಪ 600 ಡಾಲರಿಗೆ ಕೊಂಡು, ಬಿಚ್ಚಿ, ಅದರ ಬಾಗಿಲು ಕಿಟಕಿ ಮರಮುಟ್ಟು ಎಲ್ಲ ತಂದು ಟೈಟಸ್‌ವಿಲ್‌ನಲ್ಲಿ ಸ್ವಂತ ಮನೆ ಕಟ್ಟಿಸಿದ್ರು. ಮುಂದೆ ಎಣ್ಣೆ ವ್ಯಾಪಾರದ ಇತಿಹಾಸ ಬರೆಯೋ ಹುಡುಗಿ ಬೆಳೆದಿದ್ದು ದಿವಾಳಿ ಆದ ಎಣ್ಣೆ ಊರಿನ ಹೋಟೆಲ್ಲಿನ ಸಾಮಾನಲ್ಲಿ ಕಟ್ಟಿದ ಮನೇಲಿ, ಕಥೆಗಾರ ಯಾರಾದ್ರೂ ಹಿಂಗೆ ಬರೆದಿದ್ರೆ ಅತಿಯಾಯ್ತು ಮಾರಾಯ ಅಂತಿದ್ವಿ.

1872ರಲ್ಲಿ ಏಟು ಬಿತ್ತು. ರೈಲ್ವೆ ಕಂಪನಿಗಳು, ರಾಕ್‌ಫೆಲರ್ ಮತ್ತೆ ಕೆಲವು ದೊಡ್ಡ ರಿಫೈನರಿಗಳವರು ಸೇರ್ಕೊಂಡು ಸೌತ್ ಇಂಪ್ರೂವ್‌ಮೆಂಟ್ ಕಂಪನಿ ಅಂತ ಒಂದು ಒಳಒಪ್ಪಂದ ಮಾಡ್ಕೊಂಡ್ರು. ಎಣ್ಣೆ ಸಾಗಿಸೋ ದರ ಹೆಚ್ಚುಕಮ್ಮಿ ಡಬಲ್, ಆದ್ರೆ ಈ ಗುಂಪಿನವರಿಗೆ ರಿಬೇಟು, ಅಂದ್ರೆ ಕಟ್ಟಿದ್ದರಲ್ಲಿ ಒಂದಷ್ಟು ವಾಪಸ್. ಅಷ್ಟೇ ಆಗಿದ್ರೆ ಯಾವ ಕಾಲದಲ್ಲೂ ಇರೋದು ಅನ್ನಬಹುದಿತ್ತು, ಇನ್ನೊಂದಿದೆ ಕೇಳಿ, ಹೊರಗಿನವನು ಕಟ್ಟೋ ಹೆಚ್ಚಿನ ದರದಲ್ಲೂ ಒಂದು ಪಾಲು ಈ ಗುಂಪಿಗೆ ಹೋಗುತ್ತೆ. ಅಂದ್ರೆ ನಿಮ್ಮ ಎದುರಾಳಿ ಒಂದು ಪೀಪಾಯಿ ಎಣ್ಣೆ ಸಾಗಿಸಿದ್ರೆ ಅವನ ಜೇಬಿಂದ ದುಡ್ಡು ಬಂದು ನಿಮ್ಮ ಜೇಬಿಗೆ ಬೀಳುತ್ತೆ. ಊರೋರು ದಂಗೆ ಎದ್ರು, ಸಭೆ, ಮೆರವಣಿಗೆ, ಆ ಒಪ್ಪಂದ ಕೆಲವೇ ವಾರದಲ್ಲಿ ಮುರಿದು ಬಿತ್ತು, ಆದ್ರೆ ಅಷ್ಟರೊಳಗೆ ಕ್ಲೀವ್‌ಲ್ಯಾಂಡ್ ಊರಿನ ಹೆಚ್ಚಿನ ರಿಫೈನರಿಗಳೆಲ್ಲ ರಾಕ್‌ಫೆಲರ್ ಕೈಗೆ ಬಂದಿದ್ವು. ಆಮೇಲಿನ ವರ್ಷಗಳಲ್ಲಿ ಐಡಾ ಅಪ್ಪ ಸಾಲ ತೀರಿಸೋಕೆ ಮನೆ ಅಡ ಇಡಬೇಕಾಯ್ತು. ಹುಡುಗಿಗೆ ಆಗ ಹದಿನಾಲ್ಕು ಹದಿನೈದು ವಯಸ್ಸು, ಅಪ್ಪ ಸಭೆಗಳಿಂದ ಮುಖ ಗಂಟು ಹಾಕ್ಕೊಂಡು ಬರೋದನ್ನ ನೋಡಿದ್ದಾರೆ. ಬರೆದಿದ್ದು ಮೂವತ್ತು ವರ್ಷ ಆದ್ಮೇಲೆ.

ಕಾಲೇಜಿಗೆ ಸೇರಿದಾಗ ಅವರ ಬ್ಯಾಚಲ್ಲಿ ಇವರೊಬ್ರೇ ಹುಡುಗಿ, ಅಲಿಗೇನಿ ಕಾಲೇಜು, 1880ರಲ್ಲಿ ಡಿಗ್ರಿ. ಇಷ್ಟದ ವಿಷಯ ಜೀವಶಾಸ್ತ್ರ, ಮೈಕ್ರೋಸ್ಕೋಪ್ ಮುಂದೆ ಕೂರೋದು. ಎರಡು ವರ್ಷ ಟೀಚರ್ ಕೆಲಸ ಮಾಡಿ ಸಾಕಾಗಿ ಬಿಟ್ರು, ಆಮೇಲೆ ದಿ ಶಟಾಕ್ವನ್ ಅಂತ ಒಂದು ಪತ್ರಿಕೆ, ಮನೇಲೇ ಕೂತು ಓದಿ ಕಲಿಯೋರಿಗೆ ಅಂತ ಬರ್ತಿದ್ದಿದ್ದು, ಅದರಲ್ಲಿ ಪ್ರೂಫ್ ನೋಡೋದ್ರಿಂದ ಹಿಡಿದು ಸಂಪಾದಕರ ಹೆಸರಲ್ಲಿ ಕಾಗದ ಬರೆಯೋ ತನಕ ಎಲ್ಲ ಕೆಲಸ. ಅಲ್ಲಿದ್ದಾಗ ಮಾಡಿದ ಒಂದು ಸಣ್ಣ ಲೇಖನ ನನಗೆ ಅವರ ದೊಡ್ಡ ಪುಸ್ತಕದಷ್ಟೇ ಇಷ್ಟ. ಹೆಂಗಸರು ಮಾಡಿದ ಸಂಶೋಧನೆಗಳಿಗೆ ಅಮೆರಿಕದಲ್ಲಿ ಇದುವರೆಗೆ ಮುನ್ನೂರು ಚಿಲ್ಲರೆ ಪೇಟೆಂಟ್ ಸಿಕ್ಕಿದೆ ಅಂತ ಯಾರೋ ಬರೆದಿದ್ರು, ಎಲ್ರೂ ಅದನ್ನೇ ಹೇಳ್ತಿದ್ರು. ಐಡಾಗೆ ಯಾಕೋ ನಂಬಿಕೆ ಬರಲಿಲ್ಲ. ವಾಷಿಂಗ್‌ಟನ್ನಿನ ಪೇಟೆಂಟ್ ಆಫೀಸಿಗೇ ಹೋದ್ರು, ದಾಖಲೆ ತೆಗೆಸಿ ಎಣಿಸ್ತಾ ಕೂತ್ರು, ಲೆಕ್ಕ ಎರಡು ಸಾವಿರದ ಹತ್ರ ಬಂತು. ಅದನ್ನ ಬರೆದು ಹಾಕಿದ್ರು, 1887ರಲ್ಲಿ. ಭಾಷಣ ಇಲ್ಲ, ಆವೇಶ ಇಲ್ಲ, ಹೋಗಿ ಎಣಿಸಿದ್ರು ಅಷ್ಟೇ. ಈ ಅಭ್ಯಾಸ ಮುಂದೆ ಒಂದು ಇಡೀ ಕಂಪನಿಗೆ ಎಷ್ಟು ದುಬಾರಿ ಆಯ್ತು ಅಂತ ಆಮೇಲೆ ಗೊತ್ತಾಗುತ್ತೆ.

1891ರಲ್ಲಿ, ಮೂವತ್ಮೂರನೇ ವಯಸ್ಸಲ್ಲಿ, ಆ ಕೆಲಸ ಬಿಟ್ಟು ಪ್ಯಾರಿಸ್‌ಗೆ ಹೊರಟುಬಿಟ್ರು. ಫ್ರೆಂಚ್ ಕ್ರಾಂತಿ ಟೈಮಲ್ಲಿ ಗಿಲೋಟಿನ್‌ಗೆ ತಲೆ ಕೊಟ್ಟ ಮದಾಂ ರೋಲಾಂ ಅನ್ನೋ ಹೆಂಗಸಿನ ಜೀವನಚರಿತ್ರೆ ಬರೀಬೇಕು ಅಂತ ತಲೇಲಿ ಹುಳ ಹೊಕ್ಕಿತ್ತು. ಕೈಯಲ್ಲಿ ದುಡ್ಡು ಕಮ್ಮಿ, ಕೆಲಸ ಇಲ್ಲ, ಮದುವೆ ಆಗಿಲ್ಲ, ಫ್ರೆಂಚ್ ಅಷ್ಟಕ್ಕಷ್ಟೇ. ಮೂರು ಜನ ಗೆಳತಿಯರ ಜೊತೆ ಲ್ಯಾಟಿನ್ ಕ್ವಾರ್ಟರ್‌ನಲ್ಲಿ, ಕ್ಲೂನಿ ಮ್ಯೂಸಿಯಂ ಹತ್ರ ಬಾಡಿಗೆ ರೂಮು. ಈಗ ಬಂತು ನೋಡಿ ಫ್ರೀಲಾನ್ಸ್ ವಿಷಯ. ಅಮೆರಿಕದ ಹಲವು ಊರಿನ ಪತ್ರಿಕೆಗಳಿಗೆ ಪ್ಯಾರಿಸ್ ಬದುಕಿನ ಬಗ್ಗೆ ಸಣ್ಣ ಸಣ್ಣ ಲೇಖನ ಬರೆದು ಕಳಿಸೋದು, ಒಂದಕ್ಕೆ ಆರು ಡಾಲರ್ ಹತ್ರ ಸಿಗ್ತಿತ್ತು. ಬಡವರು ಏನು ಉಣ್ತಾರೆ, ಬೀದಿ ಹೇಗೆ ಗುಡಿಸ್ತಾರೆ, ನೀರು ಹೇಗೆ ಬರುತ್ತೆ, ಹಿಂಗೆ. ಬೆಳಿಗ್ಗೆ ಇದು, ಮಧ್ಯಾಹ್ನ ನ್ಯಾಷನಲ್ ಲೈಬ್ರರೀಲಿ ಮದಾಂ ರೋಲಾಂ ಕಾಗದಪತ್ರ. ಸ್ಕ್ರಿಬ್ನರ್ಸ್ ಅನ್ನೋ ದೊಡ್ಡ ಮ್ಯಾಗಜೀನು ಒಂದು ಕಥೆ ತಗೊಂಡು 100 ಡಾಲರ್ ಚೆಕ್ ಕಳಿಸಿದಾಗ ಬಾಡಿಗೆ ಚಿಂತೆ ಎಷ್ಟೋ ದಿನಕ್ಕೆ ತಪ್ತು.

ಇಲ್ಲಿ ಒಬ್ಬ ಹುಡುಗ ಎದ್ದು, "ಸರ್, ನಮ್ಮಲ್ಲಿ ಎಷ್ಟು ಕೊಡ್ತಾರೆ?" ಅಂತ ಕೇಳಿದ. ನಕ್ಕೆ. ಕನ್ನಡದಲ್ಲಿ ಅದಕ್ಕೆ ಗೌರವಧನ ಅಂತಾರಪ್ಪ, ಗೌರವ ಯಾವಾಗಲೂ ಜಾಸ್ತಿ ಇರುತ್ತೆ. ಕೆಲವರು ಕೊಡ್ತಾರೆ, ಟೈಮಿಗೆ ಸರಿಯಾಗೇ ಕೊಡ್ತಾರೆ, ಕೆಲವು ಕಡೆ ನಾಲ್ಕು ಸಲ ಫೋನ್ ಮಾಡಿದ್ಮೇಲೆ ಬರುತ್ತೆ, ಕೆಲವು ಕಡೆ ಪೋರ್ಟಲ್ಲಲ್ಲಿ ನಿಮ್ಮ ಹೆಸರು ದೊಡ್ಡದಾಗಿ ಹಾಕಿದೀವಲ್ಲ ಅಂತಾರೆ. ಕನ್ನಡದಲ್ಲಿ ಬರೀ ಲೇಖನ ಬರೆದು ಬಾಡಿಗೆ ಕಟ್ಟೋ ಒಬ್ಬರನ್ನೂ ನಾನು ಕಂಡಿಲ್ಲ, ಎಲ್ರಿಗೂ ಒಂದು ಪಕ್ಕದ ಕೆಲಸ ಇರುತ್ತೆ, ಇಲ್ಲಾಂದ್ರೆ ಸಂಬಳದ ಹೆಂಡತಿನೋ ಗಂಡನೋ ಇರ್ತಾರೆ. ಅದನ್ನ ಬಚ್ಚಿಟ್ಟು "ನಾನು ಸ್ವತಂತ್ರ ಬರಹಗಾರ" ಅಂತ ಹೇಳ್ಕೊಳ್ಳೋರನ್ನ ನೋಡಿ ಹೊಸಬರು ಮೋಸ ಹೋಗ್ತಾರೆ. ಐಡಾ ಬಚ್ಚಿಟ್ಟಿಲ್ಲ, ಆತ್ಮಚರಿತ್ರೇಲಿ ದುಡ್ಡಿನ ಲೆಕ್ಕ ಇದ್ದ ಹಾಗೇ ಬರೆದಿದ್ದಾರೆ.

ಪ್ಯಾರಿಸ್ ಬೀದಿಗಳಿಗೆ ನೆಲಹಾಸು ಹಾಕೋದ್ರ ಮೇಲೆ ಒಂದು ಲೇಖನ ಬರೆದಿದ್ರು. ಇದಕ್ಕಿಂತ ಒಣ ವಿಷಯ ಇದೆಯಾ? ನ್ಯೂಯಾರ್ಕಲ್ಲಿ ಎಸ್.ಎಸ್. ಮೆಕ್ಲೂರ್ ಅಂತ ಒಬ್ಬ, ಲೇಖನಗಳನ್ನ ಹಲವು ಪತ್ರಿಕೆಗೆ ಮಾರೋ ಸಿಂಡಿಕೇಟ್ ನಡೆಸ್ತಿದ್ದ, ಅವನ ಕಣ್ಣಿಗೆ ಇದು ಬಿತ್ತು, ಈ ಹುಡುಗಿಗೆ ಬರೆಯೋಕೆ ಬರುತ್ತೆ ಅಂದ. ಒಣ ವಿಷಯಾನ ಓದಿಸಿಕೊಂಡು ಹೋಗೋ ಹಂಗೆ ಬರೆಯೋರೇ ನಿಜವಾದ ಬರಹಗಾರರು ಅಂತ ಅವನಿಗೆ ಗೊತ್ತಿತ್ತು. 1892ರಲ್ಲಿ ಒಂದು ದಿನ ಪ್ಯಾರಿಸ್ಸಿಗೆ ಬಂದವನೇ ಇವರ ಮನೆ ಮಹಡಿ ಮೆಟ್ಟಿಲು ಓಡ್ಕೊಂಡು ಹತ್ತಿ ಬಂದ, ಹತ್ತೇ ನಿಮಿಷ ಟೈಮಿರೋದು ಅಂದ, ಗಂಟೆಗಟ್ಟಲೆ ಮಾತಾಡಿದ, ಹೋಗ್ವಾಗ ಜಿನೀವಾಕ್ಕೆ ಹೋಗ್ಬೇಕು ಬ್ಯಾಂಕು ಮುಚ್ಚಿದೆ ಅಂತ 40 ಡಾಲರ್ ಸಾಲ ತಗೊಂಡು ಹೋದ! ರಜೆಗೆ ಅಂತ ಕೂಡಿಟ್ಟಿದ್ದ ದುಡ್ಡು ಅದು, ಹೋಯ್ತು ಅಂತಲೇ ಅಂದುಕೊಂಡ್ರಂತೆ. ಅವನು ಆ ರಾತ್ರಿನೇ ಲಂಡನ್ ಆಫೀಸಿಗೆ ತಂತಿ ಕೊಟ್ಟು ವಾಪಸ್ ಕಳಿಸಿದ್ದ. ಬರಹಗಾರರಿಂದಲೇ ಸಾಲ ತಗೊಳ್ಳೋ ಸಂಪಾದಕರು ಎಲ್ಲಾ ಕಾಲದಲ್ಲೂ ಇದ್ದಾರೆ ಅಂತಾಯ್ತು, ವಾಪಸ್ ಕೊಡೋರು ಅಪರೂಪ.

ಮುಂದಿನ ವರ್ಷ ಅವನು ಮೆಕ್ಲೂರ್ಸ್ ಮ್ಯಾಗಜೀನ್ ಶುರು ಮಾಡಿದ, ಐಡಾ ಅದಕ್ಕೆ ಪ್ಯಾರಿಸ್ಸಿಂದ ವಿಜ್ಞಾನಿಗಳು ಬರಹಗಾರರ ಸಂದರ್ಶನ ಮಾಡಿ ಕಳಿಸ್ತಿದ್ರು, ಲೂಯಿ ಪಾಶ್ಚರ್ ಅವರದ್ದೂ ಮಾಡಿದ್ರು. ಆದ್ರೆ 1893ರಲ್ಲಿ ಅಮೆರಿಕದಲ್ಲಿ ದೊಡ್ಡ ಆರ್ಥಿಕ ಕುಸಿತ, ಮೆಕ್ಲೂರ್ ದುಡ್ಡು ಕಳಿಸೋದು ತಡವಾಯ್ತು, ಇವರು ತಮ್ಮ ಬೆಲೆಬಾಳೋ ಚಳಿಕೋಟನ್ನ ಗಿರವಿ ಅಂಗಡೀಲಿ ಇಟ್ಟು ದಿನ ದೂಡಿದ್ರು. ಮದಾಂ ರೋಲಾಂ ಕಥೆ ಏನಾಯ್ತು ಅಂದ್ರೆ, ಹೀರೋಯಿನ್ ಅಂದ್ಕೊಂಡು ಶುರು ಮಾಡಿದ್ದು, ಕಾಗದಪತ್ರ ಓದ್ತಾ ಓದ್ತಾ ಆಕೆನೂ ಗಂಡನಿಗೆ ಬಿರುದು ಕೊಡಿಸೋಕೆ ಓಡಾಡಿದ್ದು, ಆಮೇಲೆ ಹಿಂಸೆಗೆ ತಲೆಯಾಡಿಸಿದ್ದು ಎಲ್ಲ ಹೊರಗೆ ಬಂತು. ಐಡಾಗೆ ಬಹಳ ಬೇಜಾರಾಯ್ತು. ಆದ್ರೂ ಬರೆದ್ರು, ಸಿಕ್ಕಿದ್ದನ್ನೇ ಬರೆದ್ರು. ಪುಸ್ತಕ ಏನು ದುಡ್ಡು ತರಲಿಲ್ಲ. ನನ್ನ ಲೆಕ್ಕದಲ್ಲಿ ಪ್ಯಾರಿಸ್ಸಿನ ನಿಜವಾದ ಸಂಪಾದನೆ ಇದು, ತಾನು ಮೆಚ್ಚಿದವರ ಬಗ್ಗೆ ಕಾಗದ ಬೇರೆ ಹೇಳಿದ್ರೆ ಕಾಗದದ ಮಾತೇ ಕೇಳೋದು ಅಂತ ಕಲಿತಿದ್ದು.

1894ರಲ್ಲಿ ಊರಿಗೆ ವಾಪಸ್. ಮೆಕ್ಲೂರ್ ವಾರಕ್ಕೆ 40 ಡಾಲರ್ ಸಂಬಳ ಕೊಟ್ಟು ನೆಪೋಲಿಯನ್ ಮೇಲೆ ಸರಣಿ ಬರೆಸಿದ, ಮ್ಯಾಗಜೀನ್ ಮಾರಾಟ ಏರ್ತು. ಆಮೇಲೆ ಲಿಂಕನ್. ಲಿಂಕನ್ ಬಗ್ಗೆ ಅವರ ಸೆಕ್ರೆಟರಿಗಳಾಗಿದ್ದ ಇಬ್ಬರು ಆಗಲೇ ಹತ್ತು ಸಂಪುಟ ಬರೆದಿದ್ರು, ಅವರಲ್ಲಿ ಒಬ್ಬರು ಇವರಿಗೆ ಹೊಸದೇನೂ ಉಳಿದಿಲ್ಲಮ್ಮ ಅನ್ನೋ ಧಾಟೀಲಿ ಹೇಳಿ ಕಳಿಸಿದ್ರು. ಇವರು ಕೆಂಟಕಿ, ಇಲಿನಾಯ್ ಹಳ್ಳಿಗಳಿಗೆ ಹೋಗಿ ಕೋರ್ಟ್ ದಾಖಲೆ, ಹಳೇ ಲೋಕಲ್ ಪೇಪರು, ಮುದುಕರ ನೆನಪು ಎಲ್ಲ ಸೋಸಿದ್ರು, ಲಿಂಕನ್ ಮಗನ ಹತ್ರ ಹೋಗಿ ಅದುವರೆಗೆ ಅಚ್ಚಾಗದಿದ್ದ ಅಪ್ಪನ ಹಳೇ ಫೋಟೋ ಒಂದನ್ನ ತಂದ್ರು. ಎದುರಾಳಿ ಮ್ಯಾಗಜೀನ್ ಸಂಪಾದಕ, ಲಿಂಕನ್ ಜೀವನ ಬರೆಯೋಕೆ ಒಂದು ಹುಡುಗೀನ ಹಿಡ್ಕೊಂಡಿದಾರೆ ಅಂತ ಆಡ್ಕೊಂಡಿದ್ದ, ಪ್ರಸಾರ ಸಂಖ್ಯೆ ಎರಡೂವರೆ ಲಕ್ಷ ದಾಟಿದಾಗ ಅವನ ಮುಖ ಹೆಂಗಿತ್ತೋ.

ಈಗ ಸ್ಟ್ಯಾಂಡರ್ಡ್ ಆಯಿಲ್. 1901ರ ಹೊತ್ತಿಗೆ ಅಮೆರಿಕದ ತುಂಬ ಟ್ರಸ್ಟ್‌ಗಳದ್ದೇ ಮಾತು, ಒಂದೊಂದು ಸರಕಿಗೆ ಒಂದೊಂದು ದೈತ್ಯ ಕಂಪನಿ. ಮೆಕ್ಲೂರ್ಸ್ ಮ್ಯಾಗಜೀನಿನೋರು ಒಂದೇ ಕಂಪನಿಯ ಕಥೆ ಹೇಳೋಣ ಅಂತ ತೀರ್ಮಾನಿಸಿದ್ರು, ಐಡಾ ಎಣ್ಣೆ ಊರಲ್ಲೇ ಬೆಳೆದವರು ಬೇರೆ. ಅಪ್ಪ ಬೇಡ ಅಂದ್ರು, ಮಾಡ್ಬೇಡ ಐಡಾ, ಅವರು ಮ್ಯಾಗಜೀನನ್ನೇ ಮುಗಿಸಿಬಿಡ್ತಾರೆ ಅಂತ. ಗಮನಿಸಿ, ಈ ದೊಡ್ಡ ಕೆಲಸ ಮಾಡಿದಾಗ ಇವರು ಫ್ರೀಲಾನ್ಸರ್ ಅಲ್ಲ, ತಿಂಗಳ ಸಂಬಳ ಎಣಿಸೋ ಸ್ಟಾಫು. ಇದನ್ನ ಹೇಳದೇ ಬಿಟ್ರೆ ನಿಮಗೆ ಸುಳ್ಳು ಹೇಳಿದ ಹಾಗೆ. 1902ರ ನವೆಂಬರಿಂದ 1904ರ ತನಕ ಹತ್ತೊಂಬತ್ತು ಕಂತು ಬಂತು. ಒಂದೊಂದು ಲೇಖನಕ್ಕೆ ಸುಮಾರು 4000 ಡಾಲರ್ ಬಿತ್ತು ಅಂತ ಮೆಕ್ಲೂರ್ ಆಮೇಲೆ ಬರ್ಕೊಂಡಿದಾರೆ. ಪ್ಯಾರಿಸ್ಸಿನ ಆರು ಡಾಲರ್ ನೆನಪಿದೆಯಾ? ಬರೆದ ಕೈ ಅದೇ. ವ್ಯತ್ಯಾಸ ಏನಪ್ಪ ಅಂದ್ರೆ ಈಗ ಟ್ರೇನ್ ಟಿಕೆಟ್ಟು, ಕ್ಲೀವ್‌ಲ್ಯಾಂಡಲ್ಲಿ ಸಿಡಾಲ್ ಅನ್ನೋ ಒಬ್ಬ ಚುರುಕಾದ ಅಸಿಸ್ಟೆಂಟು, ಎಲ್ಲಕ್ಕಿಂತ ಹೆಚ್ಚಾಗಿ, ತಿಂಗಳುಗಟ್ಟಲೆ ಒಂದಕ್ಷರ ಅಚ್ಚಾಗದಿದ್ರೂ ಸಂಬಳ ಬರುತ್ತೆ ಅನ್ನೋ ನೆಮ್ಮದಿ.

ಸರಿ, ಏನು ಮಾಡಿದ್ರು? ನೀವು ಸಿನಿಮಾದಲ್ಲಿ ನೋಡೋ ಥರ ರಾತ್ರಿ ಕಾರ್ ಪಾರ್ಕಿಂಗಲ್ಲಿ ಯಾರೋ ಬಂದು ಫೈಲ್ ಕೊಟ್ಟಿದ್ದಲ್ಲ. ಹೆಚ್ಚಿನದೆಲ್ಲ ಬಹಿರಂಗವಾಗೇ ಬಿದ್ದಿತ್ತು. ಮೂವತ್ತು ವರ್ಷದಿಂದ ಸ್ಟ್ಯಾಂಡರ್ಡ್ ಆಯಿಲ್ ಮೇಲೆ ಕೇಸುಗಳು, ರಾಜ್ಯ ಸರ್ಕಾರಗಳ ವಿಚಾರಣೆ, ಸಂಸತ್ತಿನ ಸಮಿತಿಗಳ ವರದಿ, ಪ್ರಮಾಣ ಮಾಡಿ ಹೇಳಿದ ಸಾಕ್ಷಿ, ಸಾವಿರಾರು ಪುಟ, ಯಾರೂ ಜೋಡಿಸಿ ಓದಿರಲಿಲ್ಲ ಅಷ್ಟೇ. ಒಂದು ಕೋರ್ಟಲ್ಲಿ ಒಬ್ಬ ಡೈರೆಕ್ಟರು ಹೇಳಿದ್ದನ್ನ ಇನ್ನೊಂದು ರಾಜ್ಯದಲ್ಲಿ ಇನ್ನೊಬ್ಬ ಹೇಳಿದ್ರ ಪಕ್ಕ ಇಟ್ರೆ ಇಬ್ಬರಲ್ಲಿ ಒಬ್ಬ ಸುಳ್ಳು ಹೇಳಿದಾನೆ ಅಂತ ತಾನಾಗೇ ಗೊತ್ತಾಗುತ್ತೆ. ಸೌತ್ ಇಂಪ್ರೂವ್‌ಮೆಂಟ್ ಕಂಪನಿ ಬಗ್ಗೆ 1873ರಲ್ಲಿ ಅಚ್ಚಾಗಿದ್ದ ಒಂದು ಸಣ್ಣ ಪುಸ್ತಿಕೆ, ಎಲ್ಲಾ ಪ್ರತಿಗಳನ್ನೂ ಕಂಪನಿಯವರೇ ಕೊಂಡು ಇಲ್ಲದಂಗೆ ಮಾಡಿದಾರೆ ಅಂತ ಎಣ್ಣೆ ಊರುಗಳಲ್ಲಿ ಮಾತಿತ್ತು, ಕೊನೆಗೆ ಒಂದು ಪ್ರತಿ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರೀಲಿ ಸಿಕ್ತು, ಹುಡುಕಿ ಕೊಟ್ಟಿದ್ದು ಲೈಬ್ರರಿಯನ್. ಲೈಬ್ರರಿಯನ್ನರ ಹತ್ರ ಚೆನ್ನಾಗಿರಿ ಅಂತ ನಾನು ಎಲ್ಲ ಕಡೆ ಹೇಳೋದು ಸುಮ್ಮನೆ ಅಲ್ಲ.

ಕಂಪನಿ ಒಳಗಿನ ಮಾತೂ ಬೇಕಲ್ಲ. ಅದಕ್ಕೆ ಬಾಗಿಲು ತೆಗೆಸಿದ್ದು ಲೇಖಕ ಮಾರ್ಕ್ ಟ್ವೇನ್, ಅವರಿಗೂ ಮೆಕ್ಲೂರ್‌ಗೂ ಪರಿಚಯ, ಸ್ಟ್ಯಾಂಡರ್ಡ್ ಆಯಿಲ್ಲಿನ ದೊಡ್ಡ ಕೈ ಹೆನ್ರಿ ರೋಜರ್ಸ್ ಅವರ ಆಪ್ತ ಗೆಳೆಯ. ಈ ರೋಜರ್ಸ್ ಒಂದು ಕಾಲದಲ್ಲಿ ಐಡಾ ಚಿಕ್ಕವರಿದ್ದಾಗ ಇದ್ದ ಊರಲ್ಲೇ ಸಣ್ಣ ರಿಫೈನರಿ ಇಟ್ಕೊಂಡಿದ್ದವರು, ಮೊದಲ ಭೇಟೀಲಿ ಇಬ್ರೂ ಆ ಊರಿನ ಮಾತೇ ಆಡಿದ್ರಂತೆ. 1902ರಿಂದ ಸುಮಾರು ಎರಡು ವರ್ಷ ಐಡಾ ಬ್ರಾಡ್‌ವೇ 26ನೇ ನಂಬರಿನ ಕಂಪನಿ ಹೆಡ್ಡಾಫೀಸಿಗೆ ಹೋಗೋದು, ಈ ಕೇಸಲ್ಲಿ ನಿಮ್ಮ ಕಡೆ ಸಮಜಾಯಿಷಿ ಏನು ಅಂತ ಕೇಳೋದು, ಅವರು ದಾಖಲೆ ಕೊಡೋದು. ಅವರಿಗೆ ಏನು ಲೆಕ್ಕ ಇತ್ತೋ, ಪ್ರಾಯಶಃ ಹೇಗೂ ಬರೀತಾಳೆ ನಮ್ಮ ಮಾತೂ ಬರಲಿ ಅಂತ. ಬರೆದಿದ್ದನ್ನ ಮೊದಲೇ ತೋರಿಸ್ತೀನಿ ಅಂತ ಮಾತ್ರ ಐಡಾ ಒಪ್ಪಿಕೊಂಡಿರಲಿಲ್ಲ.

ಇದು ಮುರಿದು ಬಿದ್ದಿದ್ದು ಒಬ್ಬ ಆಫೀಸ್ ಹುಡುಗನಿಂದ. ಸ್ಟ್ಯಾಂಡರ್ಡ್ ಆಯಿಲ್ ಆಫೀಸಲ್ಲಿ ಹಳೇ ಕಾಗದ ಸುಡೋ ಕೆಲಸ ಅವನದ್ದು. ಒಂದು ರಾತ್ರಿ ಸುಡೋ ಕಾಗದದಲ್ಲಿ ಪರಿಚಯದ ಹೆಸರು ಕಂಡಂಗಾಯ್ತು, ನೋಡಿದ್ರೆ ಅವನ ಸಂಡೇ ಸ್ಕೂಲ್ ಮೇಷ್ಟ್ರದ್ದು, ಅವರು ಸಣ್ಣ ರಿಫೈನರಿ ನಡೆಸ್ತಿದ್ದವರು. ಅವರು ಯಾವ ರೈಲಲ್ಲಿ ಯಾರಿಗೆ ಎಷ್ಟು ಎಣ್ಣೆ ಕಳಿಸಿದಾರೆ ಅನ್ನೋದೆಲ್ಲ ರೈಲ್ವೆ ಗುಮಾಸ್ತರಿಂದ ಸ್ಟ್ಯಾಂಡರ್ಡ್‌ಗೆ ಬರ್ತಿತ್ತು, ಸ್ಟ್ಯಾಂಡರ್ಡ್‌ನವರು ಆ ಗಿರಾಕಿ ಹತ್ರ ಹೋಗಿ ಸರಕು ನಿಲ್ಲಿಸೋದು. ಹುಡುಗ ಕಾಗದ ಎತ್ತಿಟ್ಟು ಮೇಷ್ಟ್ರಿಗೆ ಕೊಟ್ಟ, ಮೇಷ್ಟ್ರಿಂದ ಐಡಾ ಕೈಗೆ ಬಂತು. ಊರೂರಲ್ಲಿ ಜನ ಹೇಳ್ತಿದ್ದ ದೂರಿಗೆ ಈಗ ಕಂಪನಿಯದ್ದೇ ಕಾಗದ ಸಾಕ್ಷಿ. ಅಚ್ಚಾದ ಮೇಲೆ ರೋಜರ್ಸ್ ಎಲ್ಲಿಂದ ಸಿಕ್ತು ಅಂತ ಕೆಂಡ ಆಗಿ ಕೇಳಿದ್ರು, ಐಡಾ ಹೇಳಲಿಲ್ಲ, ಅಲ್ಲಿಗೆ ಆ ಭೇಟಿಗಳು ಮುಗಿದ್ವು.

ಮೂರನೇ ಸಾಲಲ್ಲಿ ಕೂತಿದ್ದ ಹುಡುಗಿ ಒಂದು ಒಳ್ಳೇ ಪ್ರಶ್ನೆ ಕೇಳಿದ್ಲು, ಅಪ್ಪನಿಗೆ ಅನ್ಯಾಯ ಮಾಡಿದ ಕಂಪನಿ ಬಗ್ಗೆ ಮಗಳು ಬರೆದ್ರೆ ಅದು ಸೇಡು ಆಗಲ್ವಾ ಸರ್ ಅಂತ. ಆಗಬಹುದಿತ್ತಮ್ಮ. ಆದ್ರೆ ಪುಸ್ತಕದಲ್ಲಿ ಸ್ಟ್ಯಾಂಡರ್ಡ್ ಆಯಿಲ್ಲಿನ ನಿಜವಾದ ದೊಡ್ಡಸ್ತಿಕೆ ಏನು ಅಂತಲೇ ಒಂದು ಇಡೀ ಅಧ್ಯಾಯ ಇದೆ, ಎಷ್ಟು ಅಚ್ಚುಕಟ್ಟು, ಎಷ್ಟು ದೂರದೃಷ್ಟಿ, ಒಂದು ಹನಿ ಪೋಲಾಗದ ಹಾಗೆ ಹೇಗೆ ನಡೆಸಿದ್ರು ಅಂತ ಹೊಗಳಿಕೆ. ಇಷ್ಟೆಲ್ಲ ಸಾಮರ್ಥ್ಯ ಇದ್ದೂ ಮೋಸ ಯಾಕೆ ಬೇಕಿತ್ತು ಅನ್ನೋದು ಅವರ ವಾದ, ಅದು ಬರೀ ಬೈಗುಳಕ್ಕಿಂತ ಜೋರಾಗಿ ತಾಗುತ್ತೆ. ಸೇಡು ಕಾಣೋದು 1905ರಲ್ಲಿ ಬರೆದ ಇನ್ನೊಂದು ಲೇಖನದಲ್ಲಿ, ರಾಕ್‌ಫೆಲರ್ ಅನ್ನೋ ವ್ಯಕ್ತಿಯ ಚಿತ್ರಣ. ಅದಕ್ಕೆ ಅಂತಲೇ ಒಂದು ಭಾನುವಾರ ಕ್ಲೀವ್‌ಲ್ಯಾಂಡಿನ ಚರ್ಚಿಗೆ ಹೋಗಿ, ಚಿತ್ರ ಬರೆಯೋನನ್ನೂ ಜೊತೇಲಿ ಕೂರಿಸ್ಕೊಂಡು, ಆ ಮನುಷ್ಯನ್ನ ದೂರದಿಂದ ನೋಡಿ ಬಂದಿದ್ರು. ಕಾಯಿಲೆಯಿಂದ ತಲೆಕೂದಲು ಹುಬ್ಬು ಎಲ್ಲ ಉದುರಿದ್ದ ಮನುಷ್ಯ ಅವನು, ಇವರು ಆ ಮುಖಾನ ಹಾವಿನ ಥರ ತಣ್ಣಗೆ ಬಣ್ಣಿಸ್ತಾ ಹೋಗ್ತಾರೆ. ನನಗೆ ಆ ಲೇಖನ ಇಷ್ಟ ಇಲ್ಲ. ರಿಬೇಟಿನ ಲೆಕ್ಕ ಕೊಟ್ಟವರು ಬೋಳುತಲೆ ಬಗ್ಗೆ ಬರೀಬಾರದಿತ್ತು. ರಾಕ್‌ಫೆಲರ್ ಅಂತೂ ಬಹಿರಂಗವಾಗಿ ಒಂದು ಮಾತೂ ಉತ್ತರ ಕೊಡಲಿಲ್ಲ, ಮನೇಲಿ ಮಾತ್ರ ಇವರಿಗೆ ಮಿಸ್ ಟಾರ್‌ಬ್ಯಾರಲ್ ಅಂತ ಅಡ್ಡಹೆಸರು ಇಟ್ಕೊಂಡಿದ್ನಂತೆ.

ಆಮೇಲೆ ಸರ್ಕಾರ ಕೇಸ್ ಹಾಕ್ತು, 1911ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಸ್ಟ್ಯಾಂಡರ್ಡ್ ಆಯಿಲ್ಲನ್ನ 34 ಕಂಪನಿಯಾಗಿ ಒಡೀರಿ ಅಂತು. ಈಗಿನ ಎಕ್ಸಾನ್‌ಮೊಬಿಲ್, ಶೆವ್ರಾನ್ ಎಲ್ಲ ಆ ತುಂಡುಗಳ ಸಂತಾನವೇ. ಒಡೆದ ಮೇಲೆ ಶೇರು ಬೆಲೆ ಏರಿ ರಾಕ್‌ಫೆಲರ್ ಇನ್ನೂ ಸಾಹುಕಾರ ಆದ ಅನ್ನೋದನ್ನೂ ಹೇಳಿಬಿಡ್ತೀನಿ, ಲೇಖನ ಬರೆದ್ರೆ ಜಗತ್ತು ನೆಟ್ಟಗಾಗುತ್ತೆ ಅಂತ ನೀವು ಅಂದ್ಕೊಂಡು ಹೋಗೋದು ಬೇಡ.

ನಮ್ಮ ಕಡೆ ಇಂಥ ಕಾಗದ ಇಲ್ವಾ ಅಂದ್ರೆ ರಾಶಿ ಇದೆ. 2011ರ ಜುಲೈನಲ್ಲಿ ಲೋಕಾಯುಕ್ತರಾಗಿದ್ದ ಸಂತೋಷ್ ಹೆಗ್ಡೆ ಅವರು ಅಕ್ರಮ ಗಣಿಗಾರಿಕೆ ವರದಿ ಕೊಟ್ರು, ಮುಖ್ಯಮಂತ್ರಿ ರಾಜೀನಾಮೆ ಕೊಡಬೇಕಾಯ್ತು, ಅದು ಎಲ್ರಿಗೂ ನೆನಪಿದೆ. ಆ ವರದಿಯ ಅನುಬಂಧಗಳನ್ನ ಕೂತು ಓದಿದವರು ಈ ರೂಮಲ್ಲಿ ಎಷ್ಟು ಜನ? ಲಾರಿ, ಪರ್ಮಿಟ್ಟು, ಬಂದರು, ಟನ್ನು, ಎಲ್ಲ ಅಲ್ಲಿದೆ. ಮಾಹಿತಿ ಹಕ್ಕು ಕಾಯ್ದೆ 2005ರಿಂದ ಇದೆ, ಹತ್ತು ರೂಪಾಯಿ ಶುಲ್ಕ, ಉತ್ತರ ಬರೋದು ತಡ ಆಗುತ್ತೆ, ಸತಾಯಿಸ್ತಾರೆ, ಮೇಲ್ಮನವಿ ಹಾಕಬೇಕಾಗುತ್ತೆ. ಕಾಗದಕ್ಕೆ ಬರ ಇಲ್ಲ, ಆರು ತಿಂಗಳು ಓದ್ತಾ ಕೂರು ಅಂತ ಸಂಬಳ ಕೊಡೋ ಮೆಕ್ಲೂರ್‌ಗೆ ಬರ. ಅದಕ್ಕೇ ನಮ್ಮಲ್ಲಿ ಈ ಥರದ ಕೆಲಸ ಮಾಡೋರು ಹೆಚ್ಚಿನವರು ನೌಕರಿ ಮುಗಿಸ್ಕೊಂಡ ನಂತರ ಮಾಡ್ತಾರೆ, ಪೆನ್ಷನ್ನೇ ಅವರ ಫೆಲೋಶಿಪ್ಪು.

ಇನ್ನು ಆಮೇಲಿನ ಕಥೆ, ಇದನ್ನ ಹೆಚ್ಚು ಜನ ಹೇಳಲ್ಲ. 1906ರಲ್ಲಿ ಐಡಾ ಮತ್ತೆ ಸಹೋದ್ಯೋಗಿಗಳು ಮೆಕ್ಲೂರ್ ಜೊತೆ ಜಗಳ ಆಡಿ ಹೊರಗೆ ಬಂದು ಅಮೆರಿಕನ್ ಮ್ಯಾಗಜೀನ್ ಅಂತ ತಾವೇ ಕೊಂಡು ನಡೆಸಿದ್ರು. ಅದೇ ವರ್ಷ ಕನೆಕ್ಟಿಕಟ್‌ನ ಈಸ್ಟನ್‌ನಲ್ಲಿ ಒಂದು ತೋಟದ ಮನೆ ತಗೊಂಡ್ರು. 1915ರಲ್ಲಿ ಮ್ಯಾಗಜೀನ್ ಬೇರೆಯವರ ಪಾಲಾಯ್ತು. ಐವತ್ತೇಳನೇ ವಯಸ್ಸಲ್ಲಿ ಐಡಾ ಮತ್ತೆ ಫ್ರೀಲಾನ್ಸು. ಪ್ಯಾರಿಸ್ಸಲ್ಲಿ ಒಂಟಿ ಹೊಟ್ಟೆ, ಈಗ ತಮ್ಮನ ಸಂಸಾರದ ಭಾರಾನೂ ಒಂದಷ್ಟು ಇವರ ಮೇಲೆ. ಭಾಷಣದ ಕೆಲಸ ಒಪ್ಕೊಂಡ್ರು, ಒಂದು ಸಲ 49 ದಿನದಲ್ಲಿ 49 ಊರು, ಡೇರೆಯೊಳಗೆ ಭಾಷಣ, ರಾತ್ರಿ ರೈಲು, ಬೆಳಿಗ್ಗೆ ಇನ್ನೊಂದೂರು. ನಮ್ಮ ಯಕ್ಷಗಾನ ಮೇಳದವರ ತಿರುಗಾಟ ಇದ್ದಂಗೆ.

ಬರಹ ಏನಾಯ್ತು? ಯು.ಎಸ್. ಸ್ಟೀಲ್ ಅನ್ನೋ ಇನ್ನೊಂದು ದೈತ್ಯ ಕಂಪನಿಯ ಮುಖ್ಯಸ್ಥ ಗ್ಯಾರಿ ಅನ್ನೋರ ಜೀವನಚರಿತ್ರೆ ಬರೆದ್ರು, 1925ರಲ್ಲಿ. ಮೃದುವಾದ ಪುಸ್ತಕ. ಐಡಾನ ಪಳಗಿಸಿಬಿಟ್ರು ಅಂತ ಟೀಕೆ ಬಂತು. ಮುಂದಿನ ವರ್ಷ ಮೆಕಾಲ್ಸ್ ಅನ್ನೋ ಮ್ಯಾಗಜೀನ್ ಇಟಲಿಗೆ ಕಳಿಸ್ತು, ಮುಸೊಲಿನಿ ಆಡಳಿತದ ಬಗ್ಗೆ ಬರೆಯೋಕೆ, 25,000 ಡಾಲರ್ ಮಾತಾಗಿತ್ತು. ಬರೆದ ಲೇಖನಗಳಲ್ಲಿ ಮುಸೊಲಿನಿ ನಕ್ಕಾಗ ಕೆನ್ನೇಲಿ ಬೀಳೋ ಗುಳಿ ಕಾಣುತ್ತೆ, ಜೈಲಲ್ಲಿದ್ದವರು ಅಷ್ಟಾಗಿ ಕಾಣಲ್ಲ. ದುಡ್ಡಿಗೆ ಮಾರ್ಕೊಂಡ್ರು ಅಂತ ಹೇಳೋದು ಸುಲಭ, ನಾನು ಹಾಗೆ ಹೇಳಲ್ಲ, ಒಳ್ಳೇ ಮನಸ್ಸಿನ ಯಜಮಾನರು ಕಾರ್ಮಿಕರನ್ನ ಚೆನ್ನಾಗಿ ನೋಡ್ಕೊಂಡ್ರೆ ಎಲ್ಲ ಸರಿಹೋಗುತ್ತೆ ಅಂತ ಅವರು ನಿಜವಾಗ್ಲೂ ನಂಬ್ತಾ ಬಂದಿದ್ರು. ಆದ್ರೆ ಒಂದು ಗಮನಿಸಿ, ಗ್ಯಾರಿ ಪುಸ್ತಕಕ್ಕೂ ಇಟಲಿ ಲೇಖನಕ್ಕೂ ಹೆಚ್ಚಿನ ಸಾಮಗ್ರಿ ಕೊಟ್ಟಿದ್ದು ಆ ಮನುಷ್ಯರೇ, ಅವರ ಆಫೀಸೇ, ಅವರು ತೋರಿಸಿದ ಜಾಗಗಳೇ. ಎದುರು ಪಕ್ಷದ ಕೋರ್ಟ್ ದಾಖಲೆ ಇಲ್ಲ, ಸಿಡಾಲ್ ಇಲ್ಲ, ವರ್ಷಗಟ್ಟಲೆ ಟೈಮಿಲ್ಲ. ಇಟಲೀಲಿ ಕೆಲವು ತಿಂಗಳು ಅಷ್ಟೇ. ಆರು ಡಾಲರ್ ತಗೊಂಡು ಬರೆದಾಗ ಪ್ಯಾರಿಸ್ ಬೀದಿನ ತನ್ನ ಕಣ್ಣಲ್ಲಿ ನೋಡಿದವರು, 25,000 ತಗೊಂಡಾಗ ಬೇರೆಯವರು ತೋರಿಸಿದ್ದನ್ನ ನೋಡಿದ್ರು.

ಹೆಂಗಸರ ಮತದಾನದ ಹಕ್ಕಿನ ವಿಚಾರದಲ್ಲೂ ಇವರು ವಿರೋಧದ ಕಡೆ ನಿಂತಿದ್ರು, ಮದುವೆ ಆಗದೇ ದುಡಿದು ಬದುಕಿದ ಹೆಂಗಸು ಹೆಣ್ಣಿನ ಜಾಗ ಮನೆ ಅಂತ 1912ರಲ್ಲಿ ಪುಸ್ತಕ ಬರೆದ್ರು. ಯಾಕೆ ಅಂತ ಅವರ ಜೀವನಚರಿತ್ರೆಕಾರರೂ ತಲೆ ಕೆರ್ಕೊಂಡಿದಾರೆ. ಪೇಟೆಂಟ್ ಎಣಿಸಿದ ಐಡಾ ಒಬ್ರು, ಇದನ್ನ ಬರೆದ ಐಡಾ ಒಬ್ರು, ಇಬ್ರೂ ಒಂದೇ ಮೇಜಲ್ಲಿ ಕೂತು ಬರೆದವರು. ನನಗೆ ಇದನ್ನ ನೇರ ಮಾಡಿ ಹೇಳೋಕೆ ಬರಲ್ಲ.

1919ರಲ್ಲಿ ಕಾರ್ಮಿಕರು ಮಾಲೀಕರ ಸಮಸ್ಯೆ ಬಗ್ಗೆ ಅಧ್ಯಕ್ಷರು ಕರೆದ ಒಂದು ಸಮ್ಮೇಳನದಲ್ಲಿ ಇವರೂ ರಾಕ್‌ಫೆಲರ್ ಮಗನೂ ಇಬ್ರೂ ಪ್ರತಿನಿಧಿಗಳು, ಪರಿಚಯ ಆಯ್ತು. ಕೆಲವು ವರ್ಷ ಕಳೆದು ಆ ಮಗ, ತನ್ನ ಅಪ್ಪ ಒಬ್ಬ ಬರಹಗಾರನಿಗೆ ಕೊಟ್ಟಿದ್ದ ಉದ್ದದ ಸಂದರ್ಶನದ ಹಸ್ತಪ್ರತಿ ಬಗ್ಗೆ ಅಭಿಪ್ರಾಯ ಕೇಳಿದ್ದು ಯಾರನ್ನ ಅಂತೀರಾ, ಇವರನ್ನೇ. ಏಕಪಕ್ಷೀಯ ಆಯ್ತು, ಆರೋಪಗಳಿಗೆ ಉತ್ತರ ಇಲ್ಲ ಅಂದ್ರು, ಪುಸ್ತಕ ಹೊರಗೆ ಬರಲಿಲ್ಲ. ಎದುರಾಳಿಯ ಮಗ ಪ್ರೂಫ್ ನೋಡಿಸೋಕೆ ನಿಮ್ಮನ್ನೇ ಹುಡುಕ್ಕೊಂಡು ಬರೋದಿದೆಯಲ್ಲ, ಯಾವ ಪ್ರಶಸ್ತಿನೂ ಅದಕ್ಕೆ ಸಮ ಇಲ್ಲ ಅಂತ ನನಗನ್ಸುತ್ತೆ.

ಕೊನೇಲಿ ಯಾರೋ, ಎಲ್ಲಿಂದ ಓದೋದು ಸರ್ ಅಂತ ಕೇಳಿದ್ರು. ಸ್ಟ್ಯಾಂಡರ್ಡ್ ಆಯಿಲ್ ಇತಿಹಾಸ ಎರಡು ಸಂಪುಟ ಇದೆ, ಕಾಪಿರೈಟ್ ಮುಗಿದು ಬಹಳ ಕಾಲ ಆಯ್ತು, ಫೋನಲ್ಲೇ ಪುಕ್ಕಟೆ ಸಿಗುತ್ತೆ. ಶುರುವಿಂದ ಓದಬೇಡಿ, ಹಿಂದಿನಿಂದ ಓದಿ. ಎರಡೂ ಸಂಪುಟದ ಕೊನೆಗೆ ದೊಡ್ಡ ಅನುಬಂಧ ಇದೆ, ಒಪ್ಪಂದಗಳು, ಸಾಕ್ಷಿ ಹೇಳಿಕೆಗಳು, ಅಫಿಡವಿಟ್ಟುಗಳು, ದರಪಟ್ಟಿ, ಸೌತ್ ಇಂಪ್ರೂವ್‌ಮೆಂಟ್ ಕಂಪನಿಯ ಕರಾರು ಕೂಡ ಅಲ್ಲಿದೆ. ಅದರಲ್ಲಿ ಯಾವುದಾದ್ರೂ ಒಂದನ್ನ ಓದಿ, ಆಮೇಲೆ ಆ ಕಾಗದಾನ ಅಧ್ಯಾಯದೊಳಗೆ ಎಲ್ಲಿ ಬಳಸಿದಾರೆ, ಎಷ್ಟು ಬಳಸಿದಾರೆ, ಏನು ಬಿಟ್ಟಿದಾರೆ ಅಂತ ಹುಡುಕಿ. ಒಂದೊಂದು ಕಾಗದಕ್ಕೆ ಒಂದು ಸಂಜೆ ಹಿಡಿಯುತ್ತೆ. ನಾನು ಮಾಡ್ತಾ ಇದೀನಿ, ಇನ್ನೂ ಮೊದಲ ಸಂಪುಟದ್ದೇ ಮುಗಿದಿಲ್ಲ.